ತಂಪಿನ ಜಮಾ-ಖರ್ಚು

ಅಹಮದಾಬಾದಿನ ಬೇಸಿಗೆ ಎಂಥದ್ದು ಅಂತ ಊರಿನವರಿಗೆ ಫೋನಿನಲ್ಲಿ ವಿವರಿಸುವುದು ಕಷ್ಟ. ಬೆಂಗಳೂರಿನಲ್ಲಿ 36 ಡಿಗ್ರಿ ಆದರೆ ಪತ್ರಿಕೆಗಳಿಗೆ ದೊಡ್ಡ ಸುದ್ದಿ. ಇಲ್ಲಿ ಏಪ್ರಿಲ್‌ನಲ್ಲೇ 40 ದಾಟಿದರೂ ಯಾರೂ ಆ ಮಾತೆತ್ತುವುದಿಲ್ಲ. 2016ರ ಮೇ 20ರಂದು ಈ ಊರು 48 ಡಿಗ್ರಿ ಮುಟ್ಟಿತ್ತು. ರಾಯಚೂರು, ಕಲಬುರಗಿಯವರು ಬಿಸಿಲಿಗೆ ಹೆದರುವ ಜನ ಅಲ್ಲ ಬಿಡಿ, ಆದರೆ 48 ಅಂದರೆ ಅವರೂ ಒಮ್ಮೆ ತಲೆಗೆ ಟವೆಲ್ ಸುತ್ತಿಕೊಂಡಾರು.

ಇಂಥ ಊರಿನ ಆಗ್ನೇಯ ದಿಕ್ಕಿಗೆ ವಟ್ವಾ ಇದೆ. ಹದಿನೈದನೆಯ ಶತಮಾನದ ಸೂಫಿ ಸಂತ ಕುತುಬ್-ಎ-ಆಲಂ ಅವರ ದರ್ಗಾ ಇರುವ ಹಳೆಯ ಜಾಗ. ಈಗ ವಟ್ವಾ ಎಂದರೆ ಜನರಿಗೆ ನೆನಪಾಗುವುದು ಜಿಐಡಿಸಿ ಕೈಗಾರಿಕಾ ವಸಾಹತು. ಬಣ್ಣದ ಕಾರ್ಖಾನೆ, ರಾಸಾಯನಿಕದ ಕಾರ್ಖಾನೆ, ಎಂಜಿನಿಯರಿಂಗ್ ಶೆಡ್ಡುಗಳು, ಲಾರಿಗಳು, ಧೂಳು. ಮಗನ ಕೆಲಸ ಇಲ್ಲಿಯೇ ಆದ್ದರಿಂದ ನಿವೃತ್ತಿಯ ನಂತರ ನಮ್ಮ ವಾಸವೂ ಇಲ್ಲಿಯೇ. ನಮ್ಮ ಜೊತೆಗೆ ನಾಲ್ಕು ಅಡಿ ಉದ್ದದ ಗಾಜಿನ ತೊಟ್ಟಿಯಲ್ಲಿ ಆರು ಗೋಲ್ಡ್ ಫಿಶ್‌ಗಳು. ಅವು ಮೊಮ್ಮಗನವು. ಆರೈಕೆ ಮಾತ್ರ ತಾತನದು. ಇದು ಎಲ್ಲ ಮನೆಗಳಲ್ಲೂ ಇರುವ ಒಪ್ಪಂದವೇ ತಾನೇ?

ಗೋಲ್ಡ್ ಫಿಶ್ ಮೂಲತಃ ಚೀನಾದ ಮೀನು, ತಣ್ಣೀರಿನ ಜೀವಿ. 18ರಿಂದ 24 ಡಿಗ್ರಿ ಇದ್ದರೆ ಅದಕ್ಕೆ ಸುಖ. ನಮ್ಮ ತೊಟ್ಟಿಯ ನೀರು ಮೇ ತಿಂಗಳಲ್ಲಿ 33ಕ್ಕೆ ಏರುತ್ತಿತ್ತು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. 20 ಡಿಗ್ರಿಯಲ್ಲಿ ಒಂದು ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಯುವ ನೀರು 33ರಲ್ಲಿ 7ರ ಆಸುಪಾಸು ಮಾತ್ರ ಹಿಡಿಯುತ್ತದೆ. ಅದೇ ಹೊತ್ತಿಗೆ ಮೀನಿನ ಮೈಯೊಳಗಿನ ಕೆಲಸ ಜೋರಾಗಿ, ಅದಕ್ಕೆ ಹೆಚ್ಚು ಆಮ್ಲಜನಕ ಬೇಕಾಗುತ್ತದೆ. ಆದಾಯ ಇಳಿದು ಖರ್ಚು ಏರಿದ ಸಂಸಾರದ ಹಾಗೆ. ಮಧ್ಯಾಹ್ನ ಆರೂ ಮೀನುಗಳು ಮೇಲೆ ಬಂದು ಬಾಯಿ ತೆರೆದು ನಿಲ್ಲುತ್ತಿದ್ದವು. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲಿನ ಮೇಲೆ ಕೂತು ಮೀನಿಗೆ ಪುರಿ ಹಾಕಿದವರಿಗೆ ಗೊತ್ತು, ಅಲ್ಲಿ ಮೀನು ಮೇಲೆ ಬರುವುದು ತಿನ್ನೋದಕ್ಕೆ. ಇಲ್ಲಿ ಬರುತ್ತಿದ್ದದ್ದು ಉಸಿರಿಗೆ.

ಮೊದಲ ಉಪಾಯ ಫ್ಯಾನು. ನೀರಿನ ಮೇಲೆ ಸಣ್ಣ ಫ್ಯಾನು ಬೀಸಿದರೆ ನೀರು ಆವಿಯಾಗುತ್ತದೆ, ಆವಿಯಾಗುವಾಗ ಶಾಖವನ್ನು ಕೊಂಡೊಯ್ಯುತ್ತದೆ. ಒಂದು ಲೀಟರ್ ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿ ಹೋದಂತೆ. ಮಣ್ಣಿನ ಮಡಕೆ ತಂಪಾಗುವುದೂ ಇದೇ ಲೆಕ್ಕದಲ್ಲಿ. ಒಣ ಹವೆಯಲ್ಲಿ ಎರಡು ಮೂರು ಡಿಗ್ರಿ ಖಂಡಿತ ಇಳಿಯುತ್ತದೆ. ಆದರೆ ಇಲ್ಲಿ ಮನುಷ್ಯರಿಗೂ ತಂಪು ಬೇಕಲ್ಲ! ಅದೇ ಕೋಣೆಯಲ್ಲಿ ನೀರಿನ ಕೂಲರ್ ಹಾಕಿದ ಕೂಡಲೇ ಗಾಳಿಯಲ್ಲಿ ತೇವ ತುಂಬಿ, ಮೀನಿನ ಫ್ಯಾನು ಸುಮ್ಮನೆ ತಿರುಗುತ್ತದೆ. ಜೊತೆಗೆ ಆವಿಯಾದದ್ದು ನೀರು ಮಾತ್ರ, ಅದರಲ್ಲಿನ ಲವಣ ತೊಟ್ಟಿಯಲ್ಲೇ ಉಳಿಯುತ್ತದೆ. ನಮ್ಮದು ಬೋರಿನ ಗಡಸು ನೀರು. ದಿನಾ ಅದನ್ನೇ ತುಂಬಿಸುತ್ತಾ ಹೋದರೆ ಒಂದು ತಿಂಗಳಲ್ಲಿ ಗಾಜಿನ ಅಂಚಿಗೆ ಬಿಳಿ ಗೆರೆ. ಹಾಗಾಗಿ ಚಿಲ್ಲರ್ ಬಂತು.

ಚಿಲ್ಲರ್ ಅಂದರೆ ಬೇರೇನಲ್ಲ, ನೀರಿನ ಫ್ರಿಜ್ಜು. ಒಳಗೆ ಕಂಪ್ರೆಸರ್, ಗ್ಯಾಸು, ನೀರು ಹರಿಯುವ ಒಂದು ಸುರುಳಿ, ಬಿಸಿಯನ್ನು ಹೊರಗೆ ಊದುವ ಫ್ಯಾನು. ತೊಟ್ಟಿಯ ನೀರು ಮೊದಲು ಫಿಲ್ಟರಿಗೆ, ಅಲ್ಲಿಂದ ಚಿಲ್ಲರಿಗೆ, ಅಲ್ಲಿಂದ ಮತ್ತೆ ತೊಟ್ಟಿಗೆ. ಈ ಕ್ರಮ ತಪ್ಪಬಾರದು. ಫಿಲ್ಟರಿಗೆ ಮೊದಲೇ ಚಿಲ್ಲರ್ ಬಂದರೆ ಕಸವೆಲ್ಲ ಸುರುಳಿಯಲ್ಲಿ ಕೂರುತ್ತದೆ.

ಲೆಕ್ಕ ಹಾಕದೆ ಯಂತ್ರ ಕೊಳ್ಳಬಾರದು. ನಮ್ಮ ತೊಟ್ಟಿಯಲ್ಲಿ 200 ಲೀಟರ್ ನೀರು. ಒಂದು ಲೀಟರನ್ನು ಒಂದು ಡಿಗ್ರಿ ಇಳಿಸಲು ಒಂದು ಕಿಲೋಕ್ಯಾಲೊರಿ ತೆಗೆಯಬೇಕು. 33ರಿಂದ 26ಕ್ಕೆ, ಅಂದರೆ ಏಳು ಡಿಗ್ರಿಗೆ, 1,400 ಕಿಲೋಕ್ಯಾಲೊರಿ. ಗಂಟೆಗೆ 200 ತೆಗೆಯುವ ಯಂತ್ರಕ್ಕೆ ಇದು ಏಳು ಗಂಟೆಯ ಕೆಲಸ. ಆದರೆ ಇತ್ತ ತೆಗೆಯುತ್ತಿರುವಾಗಲೇ ಅತ್ತ ಗಾಜಿನ ಮೂಲಕ ಕೋಣೆಯ ಬಿಸಿ ಒಳಗೆ ಬರುತ್ತಿರುತ್ತದೆ. ಮೇ ತಿಂಗಳ ಕೋಣೆಯಲ್ಲಿ ಅದೇ ಯಂತ್ರದ ಅರ್ಧ ಶಕ್ತಿಯನ್ನು ತಿಂದುಹಾಕಬಹುದು. ಆದ್ದರಿಂದ ತೊಟ್ಟಿಯ ಹಿಂದಕ್ಕೂ ಪಕ್ಕಕ್ಕೂ ಥರ್ಮೋಕೋಲ್ ಹಾಳೆ ಅಂಟಿಸಿದೆವು. ಕಡಿಮೆ ಖರ್ಚು, ಹೆಚ್ಚು ಲಾಭ.

ಅಂಗಡಿಯ ಹುಡುಗ ಬಂದು ಪೈಪು ಜೋಡಿಸಿ, ತೊಟ್ಟಿಯ ಕೆಳಗಿನ ಮರದ ಕಪಾಟಿನಲ್ಲಿ ಚಿಲ್ಲರ್ ಇಟ್ಟು, ಬಾಗಿಲು ಮುಚ್ಚಿ, 'ನೋಡಿ, ಕಾಣಿಸುವುದೂ ಇಲ್ಲ' ಅಂತ ಹೆಮ್ಮೆಯಿಂದ ಹೇಳಿ ಹೋದ. ರಾತ್ರಿ 27ಕ್ಕೆ ಇಳಿಯಿತು. ಮಾರನೆಯ ಮಧ್ಯಾಹ್ನ 30. ಯಂತ್ರ ಒಂದು ನಿಮಿಷವೂ ನಿಲ್ಲದೆ ಓಡುತ್ತಿದೆ, ನೀರು ಮಾತ್ರ 30 ಬಿಟ್ಟು ಕದಲುತ್ತಿಲ್ಲ. ಕರೆಸಿದ ಮೆಕ್ಯಾನಿಕ್ ಹೊರಬರುವ ನೀರಿಗೆ ಬೆರಳಿಟ್ಟು, 'ತಂಪಿಲ್ಲ, ಗ್ಯಾಸು ಹೋಗಿದೆ, ತುಂಬಿಸಬೇಕು' ಎಂದ.

ನಲವತ್ತು ವರ್ಷ ಲೆಡ್ಜರ್ ನೋಡಿದವನಿಗೆ ಬೆರಳಿನ ಸಾಕ್ಷಿ ಸಾಲದು. ಪಂಪು ಗಂಟೆಗೆ 600 ಲೀಟರ್ ಹರಿಸುತ್ತಿದೆ, ಯಂತ್ರ ತೆಗೆಯುವುದು 200 ಕಿಲೋಕ್ಯಾಲೊರಿ. ಅಂದರೆ ಒಳಹೋಗುವ ನೀರಿಗೂ ಹೊರಬರುವ ನೀರಿಗೂ ವ್ಯತ್ಯಾಸ ಒಂದು ಡಿಗ್ರಿಯ ಮೂರನೆಯ ಒಂದು ಭಾಗ ಅಷ್ಟೆ! ಯಾವ ಬೆರಳಿಗೆ ಗೊತ್ತಾದೀತು? ಮುಟ್ಟಿ ನೋಡಬೇಕಾದದ್ದು ನೀರನ್ನಲ್ಲ, ಹಿಂದಿನಿಂದ ಊದುವ ಗಾಳಿಯನ್ನು. ಅದು ಬಿಸಿಯಾಗಿದ್ದರೆ ಶಾಖ ಹೊರಬರುತ್ತಿದೆ, ಗ್ಯಾಸು ಕೆಲಸ ಮಾಡುತ್ತಿದೆ ಎಂದರ್ಥ. ಗಾಳಿ ಬಿಸಿಯಾಗೇ ಇತ್ತು. ಕಪಾಟಿನೊಳಗೆ ಥರ್ಮಾಮೀಟರ್ ಇಟ್ಟು ಬಾಗಿಲು ಹಾಕಿ ಅರ್ಧ ಗಂಟೆ ಕಾದೆವು. 47! ತಾನು ಹೊರಹಾಕಿದ ಬಿಸಿಯನ್ನು ತಾನೇ ಮತ್ತೆ ಉಸಿರಾಡುತ್ತಿತ್ತು ಪಾಪದ ಯಂತ್ರ. ಗ್ಯಾಸು ತುಂಬಿಸುವ ಖರ್ಚು ಉಳಿಯಿತು.

ಆಗ ನನಗೆ ಹೊಳೆದದ್ದು ಎಂ.ಕಾಂ. ತರಗತಿಯಲ್ಲಿ ಕಲಿತ ಹಳೆಯ ಪಾಠ. ಒಂದು ಕಡೆ ಜಮಾ ಆದರೆ ಇನ್ನೊಂದು ಕಡೆ ಖರ್ಚು ಬೀಳಲೇಬೇಕು. ತಂಪನ್ನು ಯಾರೂ ತಯಾರಿಸುವುದಿಲ್ಲ, ಶಾಖವನ್ನು ಒಂದು ಖಾತೆಯಿಂದ ಇನ್ನೊಂದು ಖಾತೆಗೆ ವರ್ಗಾಯಿಸುತ್ತಾರೆ ಅಷ್ಟೆ. ಅದೂ ಬಡ್ಡಿ ಸಮೇತ. ನೀರಿನಿಂದ ತೆಗೆದ ಶಾಖದ ಜೊತೆಗೆ ಕಂಪ್ರೆಸರ್ ಬಳಸಿದ ಕರೆಂಟೂ ಶಾಖವಾಗಿ ಹೊರಬೀಳುತ್ತದೆ.

ಚಿಲ್ಲರನ್ನು ಹಿಂದಿನ ಬಾಲ್ಕನಿಗೆ ಸಾಗಿಸಿದೆವು. ಉತ್ತರ ದಿಕ್ಕು, ನೆರಳು. ಸುತ್ತಲೂ ಒಂದಡಿ ಜಾಗ. ಪೈಪುಗಳಿಗೆ ಫ್ರಿಜ್ಜಿನವರು ಸುತ್ತುವ ಕಪ್ಪು ಫೋಮು. ಪ್ಲಗ್ಗಿಗೆ ಬರುವ ವೈರು ಸಾಕೆಟ್ಟಿಗಿಂತ ಕೆಳಕ್ಕೆ ಬಾಗಿರಬೇಕು, ನೀರು ಹನಿದರೆ ಅಲ್ಲೇ ಬೀಳುವಂತೆ. ಕರೆಂಟು ಹೋಗಿ ಬಂದಾಗ ಕಂಪ್ರೆಸರಿಗೆ ಮೂರು ನಿಮಿಷ ವಿರಾಮ ಬೇಕು. ಒಮ್ಮೆಲೇ 26ಕ್ಕೆ ಇಡದೆ ದಿನಕ್ಕೆ ಎರಡು ಡಿಗ್ರಿಯಂತೆ ಇಳಿಸಿದೆವು, ಮೀನಿಗೂ ಗಾಬರಿಯಾಗಬಾರದಲ್ಲ. ವಟ್ವಾದ ಧೂಳಿಗೆ ಹಿಂದಿನ ಜಾಲರಿ ಹದಿನೈದು ದಿನಕ್ಕೆ ಮುಚ್ಚಿಹೋಗುತ್ತದೆ, ಬ್ರಷ್ಷಿನಲ್ಲಿ ಉಜ್ಜಬೇಕು. ನಾಲ್ಕನೆಯ ದಿನ 26 ಬಂತು, ನಿಂತಿತು. ಮೀನುಗಳು ತಳಕ್ಕಿಳಿದು ಕಲ್ಲು ಕೆದಕತೊಡಗಿದವು.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಬಾಲ್ಕನಿಯ ಕೆಳಗೆ ಒಂದು ಓಣಿ. ಓಣಿಯಲ್ಲಿ ತಗಡಿನ ಸೂರಿನ ಕೋಣೆಗಳು. ಕಾರ್ಖಾನೆಗಳಲ್ಲಿ ದುಡಿಯುವವರು, ನಮ್ಮ ಹಾಗೆಯೇ ಬೇರೆ ಊರಿಂದ ಬಂದವರು. ಒಂದು ಸಂಜೆ ಅಲ್ಲಿಯ ಹೆಂಗಸೊಬ್ಬಳು ತಲೆಯೆತ್ತಿ, ಆ ಪೆಟ್ಟಿಗೆ ಯಾತಕ್ಕೆ ಅಂತ ಹಿಂದಿಯಲ್ಲಿ ಕೇಳಿದಳು. 'ಮೀನಿನ ನೀರು ತಂಪು ಮಾಡೋದಕ್ಕೆ' ಎಂದಳು ನನ್ನ ಹೆಂಡತಿ. 'ಮೀನಿಗಾ?' ಎಂದು ನಕ್ಕಳು. ಆ ನಗುವಿನಲ್ಲಿ ಕೊಂಕು ಇರಲಿಲ್ಲ, ನಿಜವಾದ ಆಶ್ಚರ್ಯವಿತ್ತು. ಆಮೇಲೆ ಚಾಪೆ ತಂದು ಓಣಿಯಲ್ಲೇ ಹಾಸಿದಳು. ಒಳಗೆ ಮಲಗುವ ಹಾಗಿರಲಿಲ್ಲ.

ಈ ಊರಿಗೆ ಬಿಸಿಲು ಬರೀ ಬೆವರಿನ ವಿಷಯ ಅಲ್ಲ. 2010ರ ಮೇ ತಿಂಗಳಲ್ಲಿ ತಾಪಮಾನ 46.8ಕ್ಕೆ ಏರಿದಾಗ, ಸಾಮಾನ್ಯ ವರ್ಷಗಳ ಅದೇ ತಿಂಗಳಿಗಿಂತ 1,344 ಸಾವುಗಳು ಹೆಚ್ಚಾಗಿದ್ದವು ಎಂದು ಆಮೇಲೆ ಲೆಕ್ಕ ಸಿಕ್ಕಿತು. ಅದರ ನಂತರವೇ 2013ರಲ್ಲಿ ಇಲ್ಲಿಯ ಮಹಾನಗರ ಪಾಲಿಕೆ ಬಿಸಿಗಾಳಿಯನ್ನು ಎದುರಿಸುವ ಯೋಜನೆ ತಂದದ್ದು, ದಕ್ಷಿಣ ಏಷ್ಯಾದಲ್ಲೇ ಮೊದಲನೆಯದು. 2017ರಿಂದ ಬಡವರ ಸೂರುಗಳಿಗೆ ಬಿಳಿ ಬಣ್ಣ ಬಳಿಸುವ ಕೆಲಸವೂ ಶುರುವಾಯಿತು. ಬಿಳಿ ಸೂರು ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ. ಶಾಖವನ್ನು ಪಕ್ಕದ ಮನೆಯ ಖಾತೆಗೆ ತಳ್ಳದೆ ತಂಪು ಕೊಡುವ ಉಪಾಯ ಇದೊಂದೇ ಅಲ್ಲ. ಇದೇ ಊರಿನ ಹತ್ತಿರದ ಅಡಾಲಜ್‌ನಲ್ಲಿ ಹದಿನೈದನೆಯ ಶತಮಾನದ ಕೊನೆಗೆ ಕಟ್ಟಿದ ಮೆಟ್ಟಿಲುಬಾವಿ ಇದೆ. ಐದು ಅಂತಸ್ತು ಇಳಿದು ಹೋದರೆ ಮೇ ತಿಂಗಳಲ್ಲೂ ಮೈ ತಣ್ಣಗಾಗುತ್ತದೆ. ಅಲ್ಲಿ ಕರೆಂಟೂ ಇಲ್ಲ, ಗ್ಯಾಸೂ ಇಲ್ಲ.

ನಮ್ಮ ಚಿಲ್ಲರ್ ಊದುವ ಬಿಸಿ ದೊಡ್ಡದೇನಲ್ಲ, ಒಂದೂವರೆ ಟನ್ನಿನ ಏಸಿ ಊದುವುದರ ಸುಮಾರು ಇಪ್ಪತ್ತನೆಯ ಒಂದು ಪಾಲು. ಓಣಿಗೆ ಮುಖ ಮಾಡಿದ ಏಸಿಗಳು ಎಷ್ಟೋ ಇವೆ. ಹಾಗಂತ ಸಣ್ಣ ಮೊತ್ತ ಅಂತ ನಮೂದು ಬಿಡುವುದು ಬ್ಯಾಂಕಿನವರ ಪದ್ಧತಿಯಲ್ಲ. ಊದುಗೊಳವೆಯನ್ನು ಮೇಲ್ಮುಖವಾಗಿ ತಿರುಗಿಸಿದೆವು. ಮುಂದಿನ ಭಾನುವಾರ ಮಗ, ಮೊಮ್ಮಗ, ನಾನು, ಆ ಹೆಂಗಸಿನ ಗಂಡ ಸೇರಿ ಅವರ ತಗಡಿಗೆ ಬಿಸಿಲು ತಡೆಯುವ ಬಿಳಿ ಬಣ್ಣ ಎರಡು ಕೋಟು ಬಳಿದೆವು. ಬೆಳಿಗ್ಗೆ ಆರಕ್ಕೆ ಶುರು ಮಾಡಿ ಒಂಬತ್ತರೊಳಗೆ ಮುಗಿಸಿದ್ದು, ಆಮೇಲೆ ತಗಡಿನ ಮೇಲೆ ಕಾಲಿಡಲಾಗುವುದಿಲ್ಲ. ಈಗಲೂ ಅವರಿಗೆ ಸೆಖೆಯೇ, ಆದರೆ ಮಧ್ಯಾಹ್ನ ಮಗುವನ್ನು ಒಳಗೆ ಮಲಗಿಸುತ್ತಾರೆ.

ಬೆಂಗಳೂರು, ಮೈಸೂರಿನಲ್ಲಿ ಮೀನು ಸಾಕುವವರು ಚಿಲ್ಲರಿಗೆ ದುಡ್ಡು ಹಾಕುವ ಮುಂಚೆ ಒಂದು ಸಣ್ಣ ಫ್ಯಾನು ಇಟ್ಟು ನೋಡಿ, ಬಹುಶಃ ಅಷ್ಟೇ ಸಾಕು. ನಮಗೆ ಅದು ಏಪ್ರಿಲ್‌ನಿಂದ ಮಳೆ ಬೀಳುವವರೆಗೆ ಬೇಕೇ ಬೇಕು. ಮನೆಯ ಖರ್ಚಿನ ಪುಸ್ತಕ ಈಗಲೂ ನಾನೇ ಬರೆಯುವುದು. ಆ ಎರಡು ಡಬ್ಬ ಬಣ್ಣದ ಬೆಲೆಯನ್ನು ದಾನಧರ್ಮದ ಕೆಳಗೆ ಬರೆಯಲಿಲ್ಲ. 'ಚಿಲ್ಲರ್ ಅಳವಡಿಕೆ' ಎಂಬ ತಲೆಬರಹದ ಕೆಳಗೇ ಬರೆದೆ.