ಉದಾಸೀನ ಅಲ್ಲ ಮಾರಾಯ್ರೆ

ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ‘ಉದಾಸೀನ’ ಎಂಬ ಶಬ್ದಕ್ಕೆ ಬೇರೆಯೇ ಅರ್ಥ. ಘಟ್ಟದ ಮೇಲಿನವರಿಗೆ ಅದು ಅಲಕ್ಷ್ಯ, ನಮಗೆ ಸೋಮಾರಿತನ. ಹೋಂವರ್ಕ್ ಮಾಡದ ಹುಡುಗನಿಗೆ ಉದಾಸೀನ, ತೋಟಕ್ಕೆ ನೀರು ಬಿಡಲು ಏಳದವನಿಗೆ ಉದಾಸೀನ, ಜಂಬ್ರದ ಊಟ ಮುಗಿದ ಮೇಲೆ ಎಲ್ಲರಿಗೂ ಉದಾಸೀನ. ಎರಡು ವರ್ಷದ ಹಿಂದೆ, ನನ್ನ 72ನೇ ವಯಸ್ಸಿನಲ್ಲಿ, ಆ ಶಬ್ದ ನನ್ನ ತಲೆಯ ಮೇಲೂ ಬಂತು. “ಇವರಿಗೆ ಈಗೀಗ ಭಾರೀ ಉದಾಸೀನ” ಎಂದು ಮನೆಗೆ ಬಂದವರೆಲ್ಲ ಹೇಳತೊಡಗಿದರು.

ಆದದ್ದು ಇಷ್ಟು. ಬೆಳಗಿನ ಜಾವ 3 ಗಂಟೆಗೆ ಎಚ್ಚರವಾಗುತ್ತಿತ್ತು, ಮತ್ತೆ ನಿದ್ದೆ ಇಲ್ಲ. ಎಚ್ಚರವಿದ್ದರೂ 8 ಗಂಟೆಯವರೆಗೆ ಹಾಸಿಗೆ ಬಿಟ್ಟು ಏಳಲು ಆಗುತ್ತಿರಲಿಲ್ಲ. ಪೇಪರು ಮಡಿಸಿದ ಹಾಗೆಯೇ ಜಗಲಿಯಲ್ಲಿ ಬಿದ್ದಿರುತ್ತಿತ್ತು. ಗಂಜಿಗೆ ರುಚಿ ಇಲ್ಲ, ಜೊತೆಗಿನ ಮಿಡಿ ಉಪ್ಪಿನಕಾಯಿಗೂ ಇಲ್ಲ. ತಾಳಮದ್ದಲೆ ಎಂದರೆ ಸುಳ್ಯದವರೆಗೂ ಹೋಗಿ ಕೂತು ಬರುತ್ತಿದ್ದವನಿಗೆ, ದೂರದಲ್ಲಿ ಮದ್ದಲೆಯ ಸದ್ದು ಕೇಳಿದರೆ ಬಾಗಿಲು ಹಾಕಿಕೊಳ್ಳುವ ಅನಿಸುತ್ತಿತ್ತು.

ಕಾರಣ ಹುಡುಕಿದರೆ ಒಂದೂ ಇಲ್ಲ. ಬ್ಯಾಂಕಿನ ಪಿಂಚಣಿ ಸರಿಯಾಗಿ ಬರುತ್ತದೆ, ಸಾಲ ಇಲ್ಲ, ಅಡಿಕೆಗೆ ಧಾರಣೆ ಇತ್ತು. ಮಗಳು, ಮೊಮ್ಮಗಳು ಜೊತೆಯಲ್ಲೇ ಇದ್ದಾರೆ. “ಇಷ್ಟೆಲ್ಲ ಇರುವಾಗ ನಿಮಗೆ ಎಂತ ಮಂಡೆಬಿಸಿ?” ಎಂದು ಕೇಳುತ್ತಿದ್ದರು. ಮಂಡೆ ಬಿಸಿ ಇದ್ದಿದ್ದರೆ ವಾಸಿ. ಅದು ತಣ್ಣಗೆ, ಒರಳುಕಲ್ಲಿನ ಹಾಗೆ ಕೂತಿತ್ತು.

ಮನೆಯ ಡಾಕ್ಟರು ಸಕ್ಕರೆ, ಥೈರಾಯ್ಡ್, ಬಿ-12 ಎಲ್ಲ ಪರೀಕ್ಷೆ ಮಾಡಿಸಿದರು. ಎಲ್ಲವೂ ಸರಿ ಇದ್ದದ್ದರಿಂದ ಮನೋವೈದ್ಯರಿಗೆ ಒಂದು ಚೀಟಿ ಬರೆದುಕೊಟ್ಟರು. ಇದು ನೆಂಟರೊಬ್ಬರ ಕಿವಿಗೆ ಬಿತ್ತು. “ಸ್ವಲ್ಪ ಉದಾಸೀನಕ್ಕೆಲ್ಲ ಆ ಡಾಕ್ಟರ ಹತ್ರ ಹೋಗ್ಲಿಕ್ಕುಂಟಾ?” ಎಂದರು. ನನ್ನ ಹೆಂಡತಿ ಹೆಚ್ಚು ಮಾತಿನವಳಲ್ಲ. ಅವತ್ತು ಮಾತ್ರ ಹೇಳಿದಳು: “ಅಡಿಕೆ ಮರಕ್ಕೆ ಹಳದಿ ರೋಗ ಬಂದರೆ ವಿಟ್ಲದ ಸಿಪಿಸಿಆರ್‌ಐಗೆ ಹೋಗಿ ಕೇಳ್ತೀರಿ. ಮರಕ್ಕೆ ಉದಾಸೀನ ಅಂತ ಹೇಳ್ತೀರಾ?”

ಮನೋವೈದ್ಯರು ಅರ್ಧ ಗಂಟೆ ಮಾತಾಡಿಸಿದರು. ಕೊನೆಗೆ ನೇರವಾಗಿ ಕೇಳಿದರು: “ಬದುಕಿದ್ದು ಸಾಕು ಅಂತ ಅನಿಸ್ತದಾ?” ನಾನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಬೆಳಗ್ಗೆ ಎಚ್ಚರ ಆಗದೇ ಹೋದರೆ ಒಳ್ಳೆದಿತ್ತು ಅಂತ ಅನಿಸ್ತದೆ” ಎಂದೆ. ಆ ಮಾತು ಬಾಯಿಯಿಂದ ಹೊರಗೆ ಬಂದದ್ದು ಅದೇ ಮೊದಲು. ಪಕ್ಕದಲ್ಲಿದ್ದ ಹೆಂಡತಿ ನನ್ನ ಕೈ ಹಿಡಿದುಕೊಂಡಳು. 46 ವರ್ಷದ ಸಂಸಾರದಲ್ಲಿ ನಾಲ್ಕು ಜನರ ಎದುರು ಅವಳು ನನ್ನ ಕೈ ಹಿಡಿದದ್ದು ಅದು ಎರಡನೇ ಸಲ. ಮೊದಲನೆಯದು ಧಾರೆಯ ದಿನ.

ಇದಕ್ಕೆ ಖಿನ್ನತೆ ಎಂದು ಹೆಸರು. ಬೇಸರ ಎಲ್ಲರಿಗೂ ಬರುತ್ತದೆ, ಹೋಗುತ್ತದೆ. ಎರಡು ವಾರ ಕಳೆದರೂ ಹೋಗದೆ, ನಿದ್ದೆ, ಹಸಿವು, ಆಸಕ್ತಿ ಎಲ್ಲವನ್ನೂ ತಿನ್ನತೊಡಗಿದರೆ ಅದು ಕಾಯಿಲೆ. ಮುದುಕರಲ್ಲಿ ಎಷ್ಟೋ ಸಲ ಅಳುವೇ ಇರುವುದಿಲ್ಲ. ಮೈಕೈ ನೋವು, ಮರೆವು, ಸಿಡುಕು, ಇವುಗಳ ವೇಷದಲ್ಲಿ ಬರುತ್ತದೆ. ಹಾಗಾಗಿ ‘ವಯಸ್ಸಾಯಿತಲ್ಲ’ ಎಂದು ಎಲ್ಲರೂ ಸುಮ್ಮನಾಗುತ್ತಾರೆ.

ಮಾತ್ರೆ ಕೊಟ್ಟರು. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಮಧ್ಯದಲ್ಲಿ ನೀವಾಗಿ ಬಿಡಬಾರದು ಎಂದರು. ನಾನು ಕಡಬ ಬ್ರಾಂಚಿನಲ್ಲಿದ್ದಾಗ ಮಳೆಗಾಲದಲ್ಲಿ ಹೊಸ್ಮಠದ ಮುಳುಗು ಸೇತುವೆಯ ಮೇಲೆ ನೀರು ಬಂದರೆ ಬಸ್ಸು ದಡದಲ್ಲೇ ನಿಲ್ಲುತ್ತಿತ್ತು. ಹೊಳೆಗೆ ಬೈದರೆ ನೀರು ಇಳಿಯುವುದಿಲ್ಲ. ಆ ಮೂರು ವಾರ ಹಾಗೇ ಕಳೆದೆ.

ಮಾತ್ರೆಯ ಜೊತೆಗೆ ವಾರಕ್ಕೊಮ್ಮೆ ಆಪ್ತಸಮಾಲೋಚನೆ. ನನ್ನ ಮಗಳಿಗಿಂತ ಚಿಕ್ಕ ಪ್ರಾಯದ ಒಬ್ಬರು ಮೇಡಂ. ಅವರು ಬುದ್ಧಿ ಹೇಳಲಿಲ್ಲ. ‘ಧೈರ್ಯವಾಗಿರಿ’ ಎನ್ನಲೂ ಇಲ್ಲ, ಪುಣ್ಯಕ್ಕೆ. ಆ ಮಾತು ಕೇಳಿ ಕೇಳಿ ನನಗೆ ಸಾಕಾಗಿತ್ತು. ಅವರು ಕೊಟ್ಟದ್ದು ಒಂದು ಹಾಳೆ. ಎಷ್ಟು ಗಂಟೆಗೆ ಏನು ಮಾಡಿದೆ, ಆಗ ಮನಸ್ಸಿಗೆ 10ರಲ್ಲಿ ಎಷ್ಟು ಅಂಕ, ಇಷ್ಟನ್ನು ಬರೆಯಬೇಕು. ದಿನಕ್ಕೊಂದು ಸಣ್ಣ ಕೆಲಸ, ಮನಸ್ಸು ಬರಲಿ ಬಾರದಿರಲಿ, ಮಾಡಬೇಕು. “ಮನಸ್ಸು ಬಂದ ಮೇಲೆ ಮಾಡ್ತೇನೆ ಅಂತ ಕಾಯಬೇಡಿ ಸರ್. ಕೈ ಮೊದಲು ಹೋಗಲಿ, ಮನಸ್ಸು ಹಿಂದಿನಿಂದ ಬರ್ತದೆ” ಎಂದರು.

ನನಗೆ ಕೂಡಲೇ ಪಿಗ್ಮಿ ನೆನಪಾಯಿತು. ಮಕ್ಕಳೇ, ನಿಮ್ಮ ಅಜ್ಜಿಯನ್ನು ಕೇಳಿ, ಹೇಳುತ್ತಾರೆ. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕಿನವರು ಪಿಗ್ಮಿ ಠೇವಣಿ ಶುರು ಮಾಡಿದರು. ಏಜೆಂಟರು ದಿನಾ ಮನೆ ಬಾಗಿಲಿಗೆ ಬಂದು ಎರಡಾಣೆಯನ್ನಾದರೂ ಕಟ್ಟಿಸಿಕೊಂಡು ಹೋಗುತ್ತಿದ್ದರು. (2020ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ನಮ್ಮ ಜಿಲ್ಲೆಯವರಿಗೆ ಅದೊಂದು ಬೇಸರ ಈಗಲೂ ಉಂಟು, ಇರಲಿ.) ಎರಡಾಣೆಯಿಂದ ಯಾರೂ ಆವತ್ತೇ ಶ್ರೀಮಂತರಾಗಲಿಲ್ಲ. ಆದರೆ ಪಾಸ್‌ಬುಕ್ಕಿನಲ್ಲಿ ಸಾಲು ಬೆಳೆಯುತ್ತಿತ್ತು.

ನಾನು ಹಳೇ ಬಿ.ಕಾಂ. ಅವರು ಕೊಟ್ಟ ಹಾಳೆ ಸಾಲದೆಂದು ಉದ್ದದ ಪುಸ್ತಕ ತಂದು ಗೀಟು ಎಳೆದೆ. ಮೊದಲ ವಾರದ ಜಮೆ ಹೀಗಿತ್ತು: ತುಳಸಿಗೆ ನೀರು, ಅಂಕ 2. ಗೇಟಿನವರೆಗೆ ನಡಿಗೆ, 2. ಮುಖಕ್ಷೌರ, 3.

ಈ ಕ್ರಮ ಹೊಸತೇನಲ್ಲ. ಅಮೆರಿಕದ ಪೀಟರ್ ಲೆವಿನ್ಸನ್ ಎಂಬ ಮನೋವಿಜ್ಞಾನಿ 1970ರ ದಶಕದಲ್ಲೇ ಇದರ ಬಗ್ಗೆ ಕೆಲಸ ಮಾಡಿದ್ದರು. ನಮ್ಮ ನೆರೆಯ ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಡಾ. ವಿಕ್ರಮ್ ಪಟೇಲ್ ಮತ್ತು ಅವರ ‘ಸಂಗತ್’ ಸಂಸ್ಥೆಯವರು ಇದನ್ನೇ ಪ್ರಯೋಗಿಸಿ ನೋಡಿದರು. ಹೇಳಿಕೊಟ್ಟವರು ಡಾಕ್ಟರುಗಳಲ್ಲ, ತರಬೇತಿ ಪಡೆದ ಸ್ಥಳೀಯರು. ಆರೆಂಟು ಭೇಟಿಗಳಲ್ಲಿ, ಬರೀ ಮಾಮೂಲು ಚಿಕಿತ್ಸೆ ಪಡೆದವರಿಗಿಂತ ಇವರಿಗೆ ಹೆಚ್ಚು ಗುಣ ಸಿಕ್ಕಿತು ಎಂದು 2017ರ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದಿದೆ. ಇದನ್ನು ಓದಿದ ಮೇಲೆ ತುಳಸಿಗೆ ನೀರು ಹಾಕುವಾಗ ನನಗೆ ಸ್ವಲ್ಪ ಗೌರವ ಹೆಚ್ಚಾಯಿತು.

ಐದನೇ ವಾರ ಮೇಡಂ ಕೇಳಿದರು: “ಪ್ರಯೋಜನಕ್ಕಲ್ಲದೆ, ಸುಮ್ಮನೆ ಚಂದಕ್ಕೆ ಏನಾದರೂ ಮಾಡ್ತಿದ್ರಾ?” ನನಗೆ ಹೊಳೆಯಲಿಲ್ಲ. ಉತ್ತರ ಕೊಟ್ಟದ್ದು ಮನೆಯಲ್ಲಿ ಮೊಮ್ಮಗಳು. “ಅಜ್ಜ, ನಿಮ್ಮ ಅಕ್ಷರ ಚಂದ ಉಂಟಲ್ಲ.” ಹೌದು. ಕಂಪ್ಯೂಟರು ಬರುವ ಮೊದಲು ಲೆಡ್ಜರಿನಲ್ಲಿ ನನ್ನ ಅಕ್ಷರ ನೋಡಿ ತಪಾಸಣೆಗೆ ಬಂದ ಇನ್‌ಸ್ಪೆಕ್ಟರರೇ ಹೊಗಳಿದ್ದುಂಟು. ಅವಳು ತನ್ನ ನೋಟ್ ಪುಸ್ತಕಕ್ಕೆ ಲೇಬಲ್ ಬರೆಸಿಕೊಂಡಳು. ಕೈ ನಡುಗಿತು, ‘ಳ’ ವಕ್ರವಾಯಿತು. ಇನ್ನೊಂದು ಬರೆದೆ. ಅಂದಿನ ಅಂಕ 5. ಅಷ್ಟು ಅದುವರೆಗೆ ಬಂದಿರಲಿಲ್ಲ.

ಆಮೇಲೆ ಪ್ರತಿ ಭಾನುವಾರ ನಾವಿಬ್ಬರೂ ಪರ್ಲಡ್ಕದ ಬಾಲವನಕ್ಕೆ ಹೋಗತೊಡಗಿದೆವು. ಶಿವರಾಮ ಕಾರಂತರು ಸುಮಾರು 40 ವರ್ಷ ಬಾಳಿದ ಜಾಗ. ಮಕ್ಕಳು ಕೈಯಿಂದ, ಆಟದಿಂದ ಕಲಿಯಬೇಕು ಎಂದು ಅವರು ಪ್ರಯೋಗ ಮಾಡಿದ್ದು, ಮೂರು ಸಂಪುಟದ ‘ಬಾಲಪ್ರಪಂಚ’ ಬರೆದದ್ದು ನಿಮಗೆ ಗೊತ್ತಿರಬಹುದು. ಕಾದಂಬರಿ, ನೃತ್ಯ, ಯಕ್ಷಗಾನ, ಚಿತ್ರ ಎಂದು ಅವರ ಕೈ ಸುಮ್ಮನೆ ಇದ್ದದ್ದೇ ಇಲ್ಲ. ಅವರು ಹುಟ್ಟಿದ ಅಕ್ಟೋಬರ್ 10ನೇ ತಾರೀಕು ಈಗ ವಿಶ್ವ ಮಾನಸಿಕ ಆರೋಗ್ಯ ದಿನವೂ ಹೌದು. ಕಾಕತಾಳೀಯ, ಆದರೂ ನನಗೆ ಇಷ್ಟವಾಯಿತು. ಅಲ್ಲಿ ಮರದ ಕೆಳಗೆ ಅವಳು ಎಲೆಯ ಚಿತ್ರ ಬಿಡಿಸುತ್ತಾಳೆ, ನಾನು ಅದರ ಕೆಳಗೆ ಹೆಸರು ಬರೆಯುತ್ತೇನೆ: ಹಲಸು, ಪುನರ್ಪುಳಿ, ರೆಂಜೆ. ಅವಳು ನನ್ನನ್ನು ನಗಿಸಲು ನೋಡುವುದಿಲ್ಲ, ‘ಯಾಕಜ್ಜ ಸುಮ್ಮನಿದ್ದೀರಿ’ ಎಂದೂ ಕೇಳುವುದಿಲ್ಲ. ಪಕ್ಕದಲ್ಲಿ ಕೂತಿರುತ್ತಾಳೆ, ಅಷ್ಟೆ.

ಮಕ್ಕಳೇ, ಒಂದು ಮಾತು. ಅಜ್ಜನೋ, ಅಕ್ಕನೋ, ಗೆಳೆಯನೋ ‘ಬದುಕು ಸಾಕು’ ಎಂದರೆ ಅದನ್ನು ಗುಟ್ಟು ಮಾಡಬೇಡಿ, ಮಾತು ಕೊಟ್ಟಿದ್ದರೂ ಮಾಡಬೇಡಿ. ಆ ಕ್ಷಣವೇ ನಂಬಿಕೆಯ ದೊಡ್ಡವರಿಗೆ ಹೇಳಿ. 14416ಕ್ಕೆ ಫೋನ್ ಮಾಡಿದರೆ ‘ಟೆಲಿ ಮಾನಸ್’ನವರು ಹಗಲೂ ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತಾಡುತ್ತಾರೆ. 2022ರ ಅಕ್ಟೋಬರ್ 10ರಂದು ಶುರುವಾದದ್ದು. ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ‘ಮನೋಚೈತನ್ಯ’ ಎಂಬ ಏರ್ಪಾಡೂ ಉಂಟು. ನಿಮ್ಮಲ್ಲಿ ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲಿ ಕೇಳಿಕೊಳ್ಳಿ.

ನನ್ನ ಮಾತ್ರೆಯನ್ನು ಕಳೆದ ತಿಂಗಳು ಡಾಕ್ಟರು ಅರ್ಧಕ್ಕೆ ಇಳಿಸಿದ್ದಾರೆ. ಪುಸ್ತಕದಲ್ಲಿ ಈಗಲೂ ಕೆಲವು ದಿನ 3 ಬರುತ್ತದೆ. ಬರೆದು ಪುಟ ತಿರುವುತ್ತೇನೆ. ಈ ಜೂನ್‌ನಲ್ಲಿ ಮೊಮ್ಮಗಳ ತರಗತಿಯವರಿಗೆಲ್ಲ ಸೇರಿ 37 ಲೇಬಲ್ ಬರೆದುಕೊಟ್ಟೆ. ಒಬ್ಬ ಹುಡುಗ ಮಾತ್ರ ಗಣಿತದ ಪುಸ್ತಕಕ್ಕೆ ಬೇಡ ಎಂದ. ಹೊರಗೆ ಅಷ್ಟು ಚಂದ ಇದ್ದರೆ ಟೀಚರು ಒಳಗೂ ಬಿಡಿಸಿ ನೋಡುತ್ತಾರಂತೆ.