ಮಾಸ್ತರರ ಮೋಟಾರು

ಬೀದರ ನಗರದ ಅಂಚಿನ ಚಿದ್ರಿಯಲ್ಲಿ ಬೆಳಗಿನ ಆಕಾಶವು ವಾಯುಸೇನೆಯ ತರಬೇತಿ ವಿಮಾನಗಳಿಗೆ ಸೇರಿದ್ದು. ಅವುಗಳ ಮೊರೆತಕ್ಕೆ ಅಲ್ಲಿಯ ಹಸುಗೂಸುಗಳೂ ಬೆಚ್ಚುವುದಿಲ್ಲ. ಆದರೆ ಕೆಲವು ವರ್ಷಗಳ ಹಿಂದಿನವರೆಗೆ ಅಲ್ಲಿಯ ಒಂದು ಓಣಿಯವರು ಗಡಿಯಾರ ಸರಿಪಡಿಸಿಕೊಳ್ಳುತ್ತಿದ್ದುದು ವಿಮಾನದ ಸದ್ದಿನಿಂದಲ್ಲ. ನಿವೃತ್ತ ಗಣಿತದ ಮಾಸ್ತರರೊಬ್ಬರ ಬಿಳಿಯ ಕ್ವಾಲಿಸ್ ಮೋಟಾರಿನ ಸದ್ದಿನಿಂದ. ದಿನವೂ ಆರೂವರೆಗೆ ಅವರು ಬೀಗದ ಕೈ ತಿರುಗಿಸಿ, ಮುಂದಿನ ಫಲಕದಲ್ಲಿ ಹೊತ್ತಿದ ಸಣ್ಣ ದೀಪ ಆರುವವರೆಗೆ ಕಾಯುವರು. ಡೀಸೆಲ್ ಯಂತ್ರದ ಹೊಟ್ಟೆ ಬಿಸಿಯಾಗದೆ ಅವಸರ ಮಾಡಬಾರದೆಂಬುದು ಅವರ ಶಾಸ್ತ್ರ. ದೀಪ ಆರಿದೊಡನೆ ಗಾಡಿ ಒಮ್ಮೆ ಕೆಮ್ಮಿ, ಮೈಕೊಡವಿಕೊಂಡು ಏಳುವುದು. ಹೋಗುವುದು ಮಾತ್ರ ಎಲ್ಲಿಗೂ ಇಲ್ಲ. ಐದು ನಿಮಿಷ ನಿಂತಲ್ಲೇ ಓಡಿಸಿ, ಆರಿಸಿ, ಒದ್ದೆ ಬಟ್ಟೆಯಿಂದ ಗಾಜು ಒರೆಸಿ, ಆಮೇಲೆ ಚಹಾ.

2005ರಲ್ಲಿ ಅವರು ನಿವೃತ್ತರಾದರು. ಮರುವರ್ಷ, ಕೈಗೆ ಬಂದ ಹಣದ ಹೆಚ್ಚಿನ ಭಾಗವನ್ನು ಸುರಿದು, ನಾಲ್ಕು ವರ್ಷ ಹಳೆಯದಾದ ಈ ಗಾಡಿಯನ್ನು ಮನೆಗೆ ತಂದರು. ಮಗಳ ಮದುವೆಯಾಗಿತ್ತು, ಮಗ ಬೆಂಗಳೂರಿನಲ್ಲಿ ನೌಕರಿ ಹಿಡಿದಿದ್ದ. ಮನೆಯಲ್ಲಿದ್ದವರು ಇಬ್ಬರೇ.

“ಇಬ್ಬರು ಇರೋ ಮನೀಗಿ ಹತ್ತು ಮಂದಿ ಕೂಡೋ ಗಾಡಿ ಯಾಕ ಬೇಕ್ರಿ? ಬಸ್ಸಿಲ್ಲೇನು?” ಎಂದು ಗೃಹಿಣಿ ಕೇಳಿದರು.

ಮಾಸ್ತರರು ಉತ್ತರ ಕೊಡಲಿಲ್ಲ. ಉತ್ತರವನ್ನು ಓಣಿ ಕೊಟ್ಟಿತು. ಭಾಲ್ಕಿಯಲ್ಲಿ ಮದುವೆ, ಔರಾದಿನಲ್ಲಿ ಅಮರೇಶ್ವರನ ಜಾತ್ರೆ, ಹುಮನಾಬಾದಿನಲ್ಲಿ ವೀರಭದ್ರನ ತೇರು, ಯಾರಿಗೋ ಎದೆನೋವು ಎಂದರೆ ಜಹೀರಾಬಾದಿನ ಹಾದಿಯಾಗಿ ಹೈದರಾಬಾದು - ಎಲ್ಲಕ್ಕೂ ಅದೇ ಗಾಡಿ. ಹಿಂದಿನ ಆಸನಗಳಲ್ಲಿ ಅಜ್ಜಿಯರು, ಅವರ ತೊಡೆಯ ಮೇಲೆ ಮೊಮ್ಮಕ್ಕಳು, ಕಾಲಡಿಯಲ್ಲಿ ಶೇಂಗಾ ಹೋಳಿಗೆಯ ಡಬ್ಬಿ. ಒಂದು ಮಳೆಗಾಲದ ನಡುರಾತ್ರಿ ಎದುರುಮನೆಯ ಸಾಹೇಬರ ಸೊಸೆಗೆ ಹೆರಿಗೆ ನೋವು ಬಂದಾಗ ಮಾಸ್ತರರು ಬನಿಯನ್ನಿನಲ್ಲೇ ಎದ್ದು ಹೋಗಿ ಗಾಡಿ ಹೊರಡಿಸಿದರು. ಅಂದಿನಿಂದ ಆ ಮನೆಯವರ ಬಾಯಲ್ಲಿ ಅದು ‘ಮುಬಾರಕ್ ಗಾಡಿ’. ಡೀಸೆಲ್ಲಿಗೆ ಯಾರಾದರೂ ಹಣ ಚಾಚಿದರೆ ಮಾಸ್ತರರು ಮುಖ ತಿರುವುವರು. ಗೃಹಿಣಿ ಮಾತ್ರ, ಗಂಡನ ಬೆನ್ನ ಹಿಂದೆ, ಆಗಾಗ ತೆಗೆದುಕೊಳ್ಳುತ್ತಿದ್ದರು. ಸಂಸಾರ ನಡೆಸುವವರ ಲೆಕ್ಕವೇ ಬೇರೆ.

ಕ್ವಾಲಿಸ್ ನಮ್ಮ ನಾಡಿನಲ್ಲಿ ಹೊರಬಿದ್ದದ್ದು 2000ದ ಜನವರಿಯಲ್ಲಿ, ಬೆಂಗಳೂರಿಗೆ ಹತ್ತಿರದ ಬಿಡದಿಯ ಕಾರಖಾನೆಯಿಂದ. ಜಪಾನಿನ ಟೊಯೊಟಾ ಕಂಪನಿಯೂ ಕಿರ್ಲೋಸ್ಕರ ಮನೆತನವೂ ಕೂಡಿ 1997ರಲ್ಲಿ ಸ್ಥಾಪಿಸಿದ ಸಂಸ್ಥೆಯ ಚೊಚ್ಚಲ ಕೂಸು ಅದು. ನಿಜವಾಗಿ ನೋಡಿದರೆ ಇಂಡೋನೇಶಿಯಾದಲ್ಲಿ ‘ಕಿಜಾಂಗ್’ ಎಂಬ ಹೆಸರಿನಿಂದ ಓಡಾಡುತ್ತಿದ್ದ ಗಾಡಿಯೇ ಇಲ್ಲಿ ಹೆಸರು ಬದಲಿಸಿಕೊಂಡು ಬಂದಿತ್ತು. ಕಿಜಾಂಗ್ ಎಂದರೆ ಆ ಭಾಷೆಯಲ್ಲಿ ಒಂದು ಜಾತಿಯ ಜಿಂಕೆ. ಬಲ್ಲವರೆನಿಸಿಕೊಂಡವರು ಅದರ ಹಳೆಯ ಚೌಕಾಕಾರವನ್ನು ಕಂಡು ನಕ್ಕರು. ಬಾಡಿಗೆ ಗಾಡಿಯವರೂ ಕೂಡು ಕುಟುಂಬದವರೂ ನಗಲಿಲ್ಲ, ಕೊಂಡರು. 2005ರಲ್ಲಿ ಇನ್ನೋವಾ ಬಂದಾಗ, ಬೇಡಿಕೆ ಇನ್ನೂ ಇರುವಾಗಲೇ ಕಂಪನಿ ಇದನ್ನು ನಿಲ್ಲಿಸಿತು. ಮಾಸ್ತರರು ಕೊಳ್ಳುವ ಹೊತ್ತಿಗೆ ಅದು ತಯಾರಾಗುವುದೇ ನಿಂತುಹೋಗಿತ್ತು. “ನನ್ನಂಗೇ ರಿಟೈರ್ ಆಗ್ಯಾದ” ಎಂದು ಅವರು ಹೇಳುತ್ತಿದ್ದರು.

ಆ ಗಾಡಿ ಒಮ್ಮೆ ತವರಿಗೂ ಹೋಗಿ ಬಂದಿತು. ಔರಾದ ತಾಲೂಕಿನ ಸಂತಪುರದ ಕಡೆಯ ಒಬ್ಬ ಹುಡುಗ ಚಿದ್ರಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದ. ತಂದೆ ಹೈದರಾಬಾದಿಗೆ ಕೂಲಿಗೆ ಹೋಗುವವನು. ಹುಡುಗ ಲೆಕ್ಕದಲ್ಲಿ ಚುರುಕು, ಇಂಗ್ಲಿಷಿನಲ್ಲಿ ಮಂದ. ಮಾಸ್ತರರ ಮನೆಯ ಪಡಸಾಲೆಯಲ್ಲಿ ಸಂಜೆ ಪಾಠ, ರವಿವಾರ ಗಾಡಿ ತೊಳೆಯುವುದು. ಬಿಡದಿಯ ಕಾರಖಾನೆಯವರು 2007ರಿಂದ ಒಂದು ತರಬೇತಿ ಶಾಲೆ ನಡೆಸುತ್ತಿದ್ದಾರೆ; ಹತ್ತನೆಯ ತರಗತಿ ಪಾಸಾದ ಬಡ ಹಳ್ಳಿ ಹುಡುಗರನ್ನು ಪರೀಕ್ಷೆಯಿಂದ ಆರಿಸಿ, ಅಲ್ಲೇ ಇರಿಸಿಕೊಂಡು ಮೂರು ವರ್ಷ ಕಲಿಸುತ್ತಾರೆ. ಮಾಸ್ತರರು ಅರ್ಜಿ ತುಂಬಿಸಿದರು. 2014ರಲ್ಲಿ ಹುಡುಗ ಆಯ್ಕೆಯಾದಾಗ, ರೈಲಿದೆ ಬಸ್ಸಿದೆ ಎಂದು ಎಲ್ಲರೂ ಹೇಳಿದರೂ ಕೇಳದೆ, ಅವನನ್ನೂ ಅವನ ತಂದೆಯನ್ನೂ ಕೂರಿಸಿಕೊಂಡು ಎರಡು ದಿನ ಗಾಡಿ ಓಡಿಸಿದರು. ಕಲಬುರಗಿ, ಹೊಸಪೇಟೆ, ಚಿತ್ರದುರ್ಗ ದಾಟಿ, ಸುಮಾರು ಏಳುನೂರು ಕಿಲೋಮೀಟರು. ಕಾರಖಾನೆಯ ದ್ವಾರದೆದುರು ಇಳಿದು ಬಾನೆಟ್ಟಿನ ಮೇಲೆ ಕೈಯಾಡಿಸಿ, “ತವರುಮನೀ ಬಂತು ನೋಡವ್ವಾ” ಎಂದರು. ಹುಡುಗನ ತಂದೆ ಅದನ್ನು ಕೇಳಿ, ಮಗನ ಕಡೆ ನೋಡಲಾರದೆ, ಪಕ್ಕಕ್ಕೆ ತಿರುಗಿ ನಿಂತನಂತೆ.

ಹುಡುಗ ರಜೆಗೆ ಬಂದಾಗಲೆಲ್ಲ ಪಡಸಾಲೆಯಲ್ಲಿ ಪಾಠದ ದಿಕ್ಕು ತಿರುಗುತ್ತಿತ್ತು. ಈಗ ಶಿಷ್ಯ ಹೇಳುವುದು, ಗುರು ಕೇಳುವುದು. ಟೊಯೊಟಾ ಕಂಪನಿಯ ಮೂಲಪುರುಷ ಸಾಕಿಚಿ ತೊಯೊಡಾ ಮೋಟಾರಿನವನೇ ಅಲ್ಲ. 1867ರಲ್ಲಿ ಬಡಗಿಯೊಬ್ಬನ ಮಗನಾಗಿ ಹುಟ್ಟಿದವನು. ತಾಯಿ ಕೈಮಗ್ಗದ ಮುಂದೆ ಬೆನ್ನು ಬಗ್ಗಿಸಿ ದುಡಿಯುವುದನ್ನು ನೋಡುತ್ತ ಬೆಳೆದು, ಮಗ್ಗವನ್ನೇ ತಿದ್ದಲು ಹೊರಟ. ಅವನ ಮಗ್ಗದ ವಿಶೇಷವೆಂದರೆ, ನೂಲು ಹರಿದರೆ ಅದು ತಾನಾಗಿಯೇ ನಿಲ್ಲುತ್ತಿತ್ತು. ಹರಿದ ನೂಲಿನೊಂದಿಗೆ ಗಜಗಟ್ಟಲೆ ಕೆಟ್ಟ ಬಟ್ಟೆ ನೇಯುವುದಕ್ಕಿಂತ ನಿಂತು ಗಂಟು ಹಾಕುವುದು ಮೇಲು. 1924ರ ಹೊತ್ತಿಗೆ ಅದು ಪೂರ್ಣ ಸ್ವಯಂಚಾಲಿತ ಮಗ್ಗವಾಯಿತು. 1929ರಲ್ಲಿ ಅದರ ಹಕ್ಕನ್ನು ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿಗೆ ಒಂದು ಲಕ್ಷ ಪೌಂಡಿಗೆ ಕೊಡುವ ಒಪ್ಪಂದವಾಯಿತು. ಆ ಹಣವೇ ಮಗ ಕೀಚಿರೋನ ಮೋಟಾರಿನ ಹುಚ್ಚಿಗೆ ಬಂಡವಾಳವಾಯಿತೆಂದು ಕಥೆ. ಮಗ್ಗದ ಕಾರಖಾನೆಯ ಒಂದು ಮೂಲೆಯಲ್ಲಿ ಅಮೇರಿಕದ ಷೆವ್ರೊಲೆ ಯಂತ್ರವನ್ನು ಬಿಚ್ಚಿ ನೋಡಿ ಕಲಿತು, 1936ರಲ್ಲಿ ಮೊದಲ ಕಾರು ಮಾರಾಟಕ್ಕೆ ಬಂದು, 1937ರಲ್ಲಿ ಬೇರೆ ಕಂಪನಿಯೇ ನಿಂತಿತು. ‘ತೊಯೊಡಾ’ ಎಂದರೆ ಸಮೃದ್ಧ ಗದ್ದೆ. ಅದನ್ನು ‘ಟೊಯೊಟಾ’ ಎಂದು ಬದಲಿಸಿದ ಕಾರಣಗಳಲ್ಲಿ ಒಂದು, ಜಪಾನಿ ಲಿಪಿಯಲ್ಲಿ ಅದಕ್ಕೆ ಎಂಟು ಗೆರೆಗಳು ಸಾಕು, ಎಂಟು ಅಲ್ಲಿ ಶುಭಸಂಖ್ಯೆ ಎಂಬುದು. ಶಕುನ ನೋಡುವುದರಲ್ಲಿ ನಮ್ಮವರೊಬ್ಬರೇ ಮುಂದಿಲ್ಲ.

ಶುಭಸಂಖ್ಯೆ ಎಲ್ಲವನ್ನೂ ಕಾಯಲಿಲ್ಲ. ಯುದ್ಧ ಮುಗಿದ ಮೇಲೆ ಕಂಪನಿ ದಿವಾಳಿಯ ಅಂಚಿಗೆ ಬಂದು, 1950ರಲ್ಲಿ ಮುಷ್ಕರವಾಗಿ, ಸಾವಿರಾರು ಕೆಲಸಗಾರರು ಹೊರಹೋಗಬೇಕಾಯಿತು. ಅದರ ಹೊಣೆ ಹೊತ್ತು ಕೀಚಿರೋ ತಾನೂ ಅಧ್ಯಕ್ಷಸ್ಥಾನ ಬಿಟ್ಟ. ಅದೇ ತಿಂಗಳು ಕೊರಿಯಾ ಯುದ್ಧ ಆರಂಭವಾಗಿ, ಅಮೇರಿಕದ ಸೈನ್ಯದಿಂದ ಟ್ರಕ್ಕುಗಳ ಬೇಡಿಕೆ ಹರಿದುಬಂತು, ಕಂಪನಿ ಬದುಕಿತು. ಕೀಚಿರೋ ಮರಳಿ ಬರುವ ಮೊದಲೇ 1952ರಲ್ಲಿ ತೀರಿಕೊಂಡ. 1957ರಲ್ಲಿ ಅಮೇರಿಕಕ್ಕೆ ಹೋದ ಅವರ ಕ್ರೌನ್ ಕಾರು ಅಲ್ಲಿಯ ಹೆದ್ದಾರಿಗಳಲ್ಲಿ ಏದುಸಿರು ಬಿಟ್ಟು ನಗೆಗೀಡಾಯಿತು. ಈ ಭಾಗ ಕೇಳುವಾಗ ಮಾಸ್ತರರಿಗೆ ಬಹಳ ಸಮಾಧಾನ. ಮೊದಲ ಪರೀಕ್ಷೆಯಲ್ಲಿ ನಪಾಸಾದವರ ಮೇಲೆ ಅವರಿಗೆ ಮೊದಲಿನಿಂದಲೂ ಒಂದು ಮಮತೆ.

ಕಿರ್ಲೋಸ್ಕರರ ಕಥೆಯನ್ನು ಮಾಸ್ತರರೇ ಹೇಳುವರು. ಅದು ನಮ್ಮ ನೆಲದ್ದು. ಲಕ್ಷ್ಮಣರಾವ ಕಿರ್ಲೋಸ್ಕರರು 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟವರು. ಅವರು ಕಬ್ಬಿಣದ ನೇಗಿಲು ಮಾಡಿದಾಗ, ಕಬ್ಬಿಣ ಸೋಕಿದರೆ ಭೂಮಿಗೆ ವಿಷವೇರುತ್ತದೆಂದು ರೈತರು ಕೊಳ್ಳಲು ಹೆದರಿದರು. ಒಂದು ಕಡೆ ಮಗ್ಗ, ಇನ್ನೊಂದು ಕಡೆ ನೇಗಿಲು. ಎರಡೂ ಸೇರಿ ಕರ್ನಾಟಕದಲ್ಲಿ ಮೊದಲು ಮಾಡಿದ್ದು ಕಾರನ್ನಲ್ಲ, 1995ರಲ್ಲಿ ಆರಂಭವಾದ ಜವಳಿ ಯಂತ್ರಗಳ ಉದ್ಯಮವನ್ನು. ಕಾರು ಆಮೇಲೆ ಬಂತು.

2021ರ ದಸರೆಯ ವಾರ ಮಾಸ್ತರ ದಂಪತಿಗಳು ಭಾಲ್ಕಿಯಿಂದ ಮರಳುತ್ತಿದ್ದರು. ಹೊತ್ತು ಮುಳುಗಿತ್ತು. ಸೋಯಾ ಚೀಲ ಹೇರಿದ ಎತ್ತಿನ ಗಾಡಿಯೊಂದು, ಹಿಂದೆ ದೀಪವಿಲ್ಲದೆ, ರಸ್ತೆಯ ಎಡಮಗ್ಗುಲಲ್ಲಿ ಸಾಗುತ್ತಿತ್ತು. ಕೊನೆಯ ಗಳಿಗೆಯಲ್ಲಿ ಮಾಸ್ತರರು ಚಕ್ರ ತಿರುಗಿಸಿದ್ದರಿಂದ ಎತ್ತುಗಳೂ ಗಾಡಿಯವನೂ ಉಳಿದರು. ಕ್ವಾಲಿಸ್ ಪಕ್ಕದ ತಗ್ಗಿಗೆ ಇಳಿದು ವಾಲಿ ನಿಂತಿತು. ಗೃಹಿಣಿಯ ಬಲಗೈ ಮಣಿಕಟ್ಟಿನ ಎಲುಬು ಮುರಿಯಿತು. ಹಸಿರು ಬಳೆಗಳ ಚೂರು ಸೀರೆಯ ನಿರಿಗೆಗಳಲ್ಲೆಲ್ಲ ಸಿಕ್ಕಿಕೊಂಡಿತ್ತು.

ರಾತ್ರಿ ಮಗ ಬೆಂಗಳೂರಿನಿಂದ ಫೋನು ಮಾಡಿದ.

“ಬ್ರೇಕ್ ಹತ್ತಲಿಲ್ಲಪ್ಪಾ” ಎಂದರು ಮಾಸ್ತರರು.

“ಮೊದಲೇ ಹೇಳಿದ್ದೆ ಅಪ್ಪಾ. ಅದನ್ನ ಗುಜರಿಗೆ ಹಾಕ್ರಿ.”

ಪಕ್ಕದ ಮಂಚದ ಮೇಲೆ ಪ್ಲಾಸ್ಟರು ಹಾಕಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಮಲಗಿದ್ದ ಗೃಹಿಣಿ ಎಲ್ಲವನ್ನೂ ಕೇಳಿದರು, ಏನೂ ಅನ್ನಲಿಲ್ಲ. ಮರುದಿನ ಓಣಿಯವರು ನೋಡಲು ಬಂದರು. ಅವರಿಗೂ ಅದೇ ಮಾತು. ಹಳೆಯ ಗಾಡಿ, ಬ್ರೇಕು ಕೈಕೊಟ್ಟಿತು. ಎಲ್ಲರೂ ತಲೆಯಾಡಿಸಿದರು. ಎದುರುಮನೆಯ ಸಾಹೇಬರೊಬ್ಬರೇ ಅಂಗಳದಲ್ಲಿ ನಿಂತ ಗಾಡಿಯನ್ನು ಬಹಳ ಹೊತ್ತು ನೋಡಿ, ಚಹಾ ಕುಡಿಯದೆ ಎದ್ದುಹೋದರು. ಆ ವಾರ ಬೆಳಗಿನ ಆರೂವರೆಯ ಸದ್ದು ಕೇಳಲಿಲ್ಲ.

ದೀಪಾವಳಿಗೆ ಹುಡುಗ ಬಂದ. ಈಗ ಅವನು ಇಪ್ಪತ್ತಮೂರರ ತರುಣ, ಬಿಡದಿಯಲ್ಲೇ ಕೆಲಸಗಾರ. ವಿಷಯ ತಿಳಿದು, ಪೆಟ್ಟಿಗೆ ಬಿಚ್ಚುವ ಮೊದಲೇ ಗಾಡಿಯ ಬಳಿ ಹೋದ. ಮುಂದಿನ ಗಾಲಿಗಳನ್ನು ಕಳಚಿ ಡಿಸ್ಕು ನೋಡಿದ. ಹಿಂದಿನ ಡ್ರಮ್ಮು ಬಿಚ್ಚಿದ. ಎಣ್ಣೆಯ ಮಟ್ಟ ನೋಡಿದ, ಕೊಳವೆಗಳಿಗೆ ಬೆರಳಾಡಿಸಿದ. ಮತ್ತೆ ಎಲ್ಲವನ್ನೂ ಜೋಡಿಸಿ, ಖಾಲಿ ರಸ್ತೆಗೆ ಒಯ್ದು ನಾಲ್ಕು ಬಾರಿ ಗಟ್ಟಿಯಾಗಿ ಬ್ರೇಕು ಒತ್ತಿದ. ನಾಲ್ಕು ಬಾರಿಯೂ ಗಾಡಿ ನೆಟ್ಟಗೆ ನಿಂತಿತು.

ಮರಳಿ ಬಂದವನು ಪಡಸಾಲೆಯ ಮೆಟ್ಟಿಲ ಮೇಲೆ ಕುಳಿತು ಕೈ ಒರೆಸಿಕೊಳ್ಳುತ್ತಲೇ ಇದ್ದ. ಆ ಮನೆಯಲ್ಲಿ ಲೆಕ್ಕ ಕಲಿತವನು. ಉತ್ತರ ತಪ್ಪಿದರೆ ತಪ್ಪೆಂದೇ ಹೇಳಬೇಕೆಂದು ಕಲಿತದ್ದೂ ಅಲ್ಲಿಯೇ. ಬಾಯಿ ಮಾತ್ರ ಬರಲಿಲ್ಲ. ಕೊನೆಗೆ ಬೇರೆಯದೇ ಮಾತು ತೆಗೆದ. ಅಮೇರಿಕದಲ್ಲಿ 2009ರಲ್ಲಿ ತಮ್ಮ ಕಂಪನಿಯ ಕಾರುಗಳು ತಾವಾಗಿಯೇ ವೇಗ ಹೆಚ್ಚಿಸಿಕೊಳ್ಳುತ್ತವೆಂದು ಕೂಗೆದ್ದ ಕಥೆ. ಸರಕಾರದ ತನಿಖೆಯಲ್ಲಿ ವಿದ್ಯುನ್ಮಾನ ದೋಷ ಕಾಣಲಿಲ್ಲ. ಎಷ್ಟೋ ಪ್ರಸಂಗಗಳಲ್ಲಿ ಚಾಲಕರೇ ಬ್ರೇಕೆಂದು ಬೇರೆ ಪೆಡಲು ತುಳಿದಿದ್ದರು. ಆದರೆ ಕಾಲುಹಾಸು ಸಿಕ್ಕಿಕೊಳ್ಳುವುದು, ಪೆಡಲು ಅಂಟಿಕೊಳ್ಳುವುದು ನಿಜವಾಗಿತ್ತು. ಅದನ್ನು ಜನರಿಗೆ ಸರಿಯಾಗಿ ತಿಳಿಸದೆ ಮರೆಮಾಚಿದ್ದಕ್ಕಾಗಿ 2014ರಲ್ಲಿ ಕಂಪನಿ 120 ಕೋಟಿ ಡಾಲರು ದಂಡ ತೆರಬೇಕಾಯಿತು.

“ತಪ್ಪಿಗಲ್ಲೇನು, ಮುಚ್ಚಿಟ್ಟಿದ್ದಕ್ಕ?” ಎಂದು ಮಾಸ್ತರರು ಕೇಳಿದರು.

“ಹೌದ್ರಿ ಸರ್.”

ಮಾಸ್ತರರು ಕನ್ನಡಕ ತೆಗೆದು ಒರೆಸಿದರು. ಒಂದು ಕಣ್ಣಿನ ಪೊರೆ ತೆಗೆಸಿ ಆರು ವರ್ಷವಾಗಿತ್ತು. ಇನ್ನೊಂದನ್ನು ನಾಳೆ ನಾಡಿದ್ದು ಎಂದು ಮುಂದೂಡುತ್ತಲೇ ಬಂದಿದ್ದರು. ಡಾಕ್ಟರು ಏನೆನ್ನುವರೋ ಎಂಬ ಹೆದರಿಕೆಯಲ್ಲ. ಗಾಡಿ ಬಿಡೆಂದರೆ ಎಂಬ ಹೆದರಿಕೆ. ಗಾಡಿ ಇಲ್ಲದ ಮಾಸ್ತರರನ್ನು ನಡುರಾತ್ರಿ ಯಾರು ಎಬ್ಬಿಸುತ್ತಾರೆ?

“ಬ್ರೇಕ್ ಛಲೋ ಅವ” ಎಂದು ಅವರೇ ಹೇಳಿದರು. “ಬಂಡಿ ನನಗ ಕಾಣಲಿಲ್ಲ.”

ಒಳಗಿನಿಂದ ಗೃಹಿಣಿಯ ದನಿ ಕೇಳಿಸಿತು: “ನಾ ‘ಬಂಡಿ, ಬಂಡಿ’ ಅಂತ ಒದರಿದ್ದೆ. ನಿಮಗ ಅದೂ ಕೇಳಲಿಲ್ಲ.”

ಮೂರು ವಾರ ಅವರು ಅದನ್ನು ಯಾರಿಗೂ ಹೇಳಿರಲಿಲ್ಲ, ಮಗನಿಗೂ, ಮಗಳಿಗೂ. ಅದೇ ಸಂಜೆ ಮಾಸ್ತರರು ಮಗನಿಗೆ ತಾವಾಗಿ ಫೋನು ಹಚ್ಚಿದರು. ಮಾತು ಎರಡೇ ನಿಮಿಷ. ಆಮೇಲೆ ರಸ್ತೆ ದಾಟಿ ಎದುರುಮನೆಗೆ ಹೋಗಿ, ಒಂದು ತಾಸು ಕುಳಿತು, ಚಹಾ ಕುಡಿದು ಬಂದರು. ಅಲ್ಲಿ ಏನು ಹೇಳಿದರೋ, ಮರುದಿನದಿಂದ ಸಾಹೇಬರ ಕಿರಿಯ ಮಗನ ಬಳಿ ಕ್ವಾಲಿಸ್ಸಿನ ಒಂದು ಬೀಗದ ಕೈ ಇತ್ತು. ರಾತ್ರಿ ಹೊತ್ತು ಯಾರಿಗೆ ಬೇಕಾದರೂ ಅವನು ಓಡಿಸಬೇಕು, ಡೀಸೆಲ್ಲು ಮಾಸ್ತರರದು.

ಹಬ್ಬ ಮುಗಿದ ಮೇಲೆ ಗೃಹಿಣಿಯ ಕೈಯ ಎಕ್ಸ್‌ರೇ ತೆಗೆಸಲು ಆಸ್ಪತ್ರೆಗೆ ಹೋಗಬೇಕಾಯಿತು. ಮಾಸ್ತರರ ಕಣ್ಣನ್ನೂ ಅಂದೇ ತೋರಿಸುವುದೆಂದು ನಿರ್ಧಾರವಾಗಿತ್ತು. ಹುಡುಗ ಚಕ್ರದ ಮುಂದೆ ಕುಳಿತು, ಸಣ್ಣ ದೀಪ ಆರುವವರೆಗೆ ಕಾದು, ಗಾಡಿ ಹೊರಡಿಸಿದ. ಹದಿನೈದು ವರ್ಷಗಳಲ್ಲಿ ಮೊದಲ ಬಾರಿಗೆ ಮಾಸ್ತರರು ಎಡಗಡೆಯ ಆಸನದಲ್ಲಿ ಕುಳಿತಿದ್ದರು. ತಿರುವಿನಲ್ಲಿ ಆಟೋ ಒಂದು ಅಡ್ಡ ನುಗ್ಗಿತು. ಹುಡುಗ ನಿಧಾನಿಸಿದ. ಮಾಸ್ತರರ ಬಲಗಾಲು ಚಾಪೆಯ ಮೇಲೆ ಬಲವಾಗಿ ಊರಿತು.

“ಅಲ್ಲಿ ಬ್ರೇಕಿಲ್ರಿ” ಎಂದರು ಹಿಂದಿನಿಂದ ಗೃಹಿಣಿ.

ಹುಡುಗ ಕೇಳಿಸಲಿಲ್ಲವೆಂಬಂತೆ ರಸ್ತೆಯನ್ನೇ ನೋಡುತ್ತ ಗಾಡಿ ನಡೆಸಿದ.