ವೇಗ ಏರಿಸಿದವನು, ಹಾಸಿಗೆಯಲ್ಲಿಟ್ಟವರು

ಮೂರು ವರ್ಷದ ಹಿಂದೆ ಚೀಟಿ ಎತ್ತಿದ ಹಣದಲ್ಲಿ ನಾವು ಮಗನಿಗೊಂದು ಸೆಕೆಂಡ್‌ಹ್ಯಾಂಡ್ ಗೇಮಿಂಗ್ ಲ್ಯಾಪ್‌ಟಾಪ್ ಕೊಂಡೆವು. ಗೇಮ್ ಆಡಲೆಂದಲ್ಲ. ಕಾಲೇಜಿನ ಡ್ರಾಯಿಂಗಿಗೆ, ಬಿಡುವಿನಲ್ಲಿ ಅವನು ಮಾಡಿಕೊಡುವ ಮದುವೆ ವಿಡಿಯೋಗಳಿಗೆ ಸಾಧಾರಣ ಯಂತ್ರ ಸಾಲದೆಂದು ಅವನೇ ಹೇಳಿದ್ದ. ಒಳಗಿದ್ದುದು 2017ರಲ್ಲಿ ಬಂದ ಇಂಟೆಲ್ ಕೋರ್ ಐ7-7820ಎಚ್‌ಕೆ ಪ್ರೊಸೆಸರ್. ಕೊನೆಯ ಆ 'ಕೆ' ಅಕ್ಷರದ ಅರ್ಥ ನಮಗೆ ತಿಳಿದದ್ದು ಮನೆಯಲ್ಲಿ ಜಗಳವಾದ ಮೇಲೆ.

ಬೆಳಿಗ್ಗೆ ಕೊಡಬೇಕಾಗಿದ್ದ ವಿಡಿಯೋ ಮುಕ್ಕಾಲು ಮುಗಿದಿರುವಾಗ ಪರದೆ ನೀಲಿಯಾಗಿ ಯಂತ್ರ ಆಫ್ ಆಯಿತು. ಮತ್ತೆ ಶುರು ಮಾಡಿದರೆ ಮತ್ತೆ ಅದೇ. ಕೇಳಿದಾಗ ಅವನು ತಲೆ ತಗ್ಗಿಸಿ, "ಓವರ್‌ಕ್ಲಾಕ್ ಮಾಡಿದ್ದೆ" ಎಂದ. ನಾವಿಬ್ಬರೂ ಬಾಯಿಗೆ ಬಂದಂತೆ ಬೈದೆವು. ಗೇಮಿನ ಹುಚ್ಚಿಗೆ ಮನೆಯ ದುಡ್ಡು ಸುಟ್ಟೆ ಎಂದೆವು. "ಗೇಮಿಗಲ್ಲ" ಎಂದು ಅವನು ಹೇಳಿದ್ದನ್ನು ಕೇಳಿಸಿಕೊಳ್ಳುವಷ್ಟು ತಾಳ್ಮೆ ನಮಗಿರಲಿಲ್ಲ. ಮದುವೆಯವರ ಮುಂಗಡ ಹಿಂದಿರುಗಿಸಬೇಕಾಯಿತು. ಎರಡು ದಿನ ಅವನು ನಮ್ಮೊಡನೆ ಊಟಕ್ಕೆ ಕೂರಲಿಲ್ಲ.

ರಿಪೇರಿ ಅಂಗಡಿಯ ಹುಡುಗ ಕೆಳಗಿನ ಮುಚ್ಚಳ ಬಿಚ್ಚಿದ. ಫ್ಯಾನಿನ ಗಾಳಿ ಹೊರಹೋಗುವ ಜಾಗದಲ್ಲಿ ಹತ್ತಿಯ ನಾರು ಕಂಬಳಿಯಂತೆ ಹೆಣೆದುಕೊಂಡಿತ್ತು. "ಸಾರ್, ಇದನ್ನು ಹಾಸಿಗೆ ಮೇಲೆ ಇಡ್ತೀರಾ?" ಎಂದು ಕೇಳಿದ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮಗ ಮಲಗಿದ ಮೇಲೆ ಅದನ್ನು ಹಾಸಿಗೆಯ ಮೇಲಿಟ್ಟು ಧಾರಾವಾಹಿ ನೋಡುತ್ತಿದ್ದವರು ನಾವೇ.

ಆಮೇಲೆ ನಾವು ಮಗನ ಪಕ್ಕ ಕೂತು ವಿಷಯ ತಿಳಿದುಕೊಂಡೆವು. ಪ್ರೊಸೆಸರಿನ ವೇಗವೆಂದರೆ ಅದರ ಮಿಡಿತ. ಒಂದು ಗಿಗಾಹರ್ಟ್ಸ್ ಅಂದರೆ ಸೆಕೆಂಡಿಗೆ ನೂರು ಕೋಟಿ. ನಮ್ಮದರಲ್ಲಿ 100 ಮೆಗಾಹರ್ಟ್ಸ್‌ನ ಮೂಲ ಮಿಡಿತವನ್ನು ಒಂದು ಗುಣಕದಿಂದ ಹೆಚ್ಚಿಸುತ್ತಾರೆ. 29ರಿಂದ ಗುಣಿಸಿದರೆ 2.9, 39ರಿಂದ ಗುಣಿಸಿದರೆ 3.9. ಆ 39ರವರೆಗೆ, ಬಿಸಿಯೂ ವಿದ್ಯುತ್ತೂ ಮಿತಿಯಲ್ಲಿದ್ದರೆ, ಯಂತ್ರ ತಾನಾಗಿಯೇ ಏರುತ್ತದೆ. ಅದಕ್ಕೆ ಟರ್ಬೊ ಎಂದು ಹೆಸರು. (ಹಳೆಯ ಡಿಟಿಪಿ ಅಂಗಡಿಗಳ ಕಂಪ್ಯೂಟರಿಗೂ ಟರ್ಬೊ ಗುಂಡಿಯಿತ್ತು. ಅದು ಇದ್ದದ್ದು ವೇಗ ಹೆಚ್ಚಿಸಲಿಕ್ಕಲ್ಲ, ಹಳೆಯ ಪ್ರೋಗ್ರಾಮುಗಳಿಗಾಗಿ ಯಂತ್ರವನ್ನು ನಿಧಾನ ಮಾಡಲಿಕ್ಕೆ!) ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಗುಣಕಕ್ಕೆ ಅಲ್ಲಿಗೇ ಬೀಗ. 'ಕೆ' ಇದ್ದರೆ ಬೀಗ ತೆಗೆದಿದೆ ಎಂದರ್ಥ. ಮಗ ಅದನ್ನು 43ಕ್ಕೆ ಏರಿಸಿದ್ದ.

ಹತ್ತು ಶೇಕಡಾ ವೇಗಕ್ಕೆ ಹತ್ತು ಶೇಕಡಾ ಬಿಸಿ ತಾನೆ ಎಂದುಕೊಂಡಿದ್ದೆವು. ಹಾಗಲ್ಲ. ವೇಗ ಏರಿದಾಗ ಮಿಡಿತ ತಪ್ಪದಿರಲು ವೋಲ್ಟೇಜೂ ಏರಿಸಬೇಕು, ಮತ್ತು ವೋಲ್ಟೇಜಿನ ಲೆಕ್ಕ ವರ್ಗದಲ್ಲಿ. ಎರಡನ್ನೂ ಹತ್ತು ಶೇಕಡಾ ಏರಿಸಿದರೆ 1.1ನ್ನು ಮೂರು ಬಾರಿ ಗುಣಿಸಿ ನೋಡಿ: ಸುಮಾರು 33 ಶೇಕಡಾ ಹೆಚ್ಚು ವಿದ್ಯುತ್ತು. ಅದೆಲ್ಲವೂ ಬಿಸಿಯಾಗಿ ಹೊರಬರಬೇಕಾದದ್ದು ಬೆರಳಗಲದ ಕಿಂಡಿಯಿಂದ. ವೋಲ್ಟೇಜು ಸಾಲದಾದರೆ ಲೆಕ್ಕ ತಪ್ಪಿ ಪರದೆ ನೀಲಿಯಾಗುತ್ತದೆ.

ಆದರೆ ಅವನು ಏರಿಸಿದ್ದೇಕೆ? ಈ ಪ್ರಶ್ನೆಯನ್ನು ನಾವು ಮೊದಲ ದಿನವೇ ಕೇಳಬೇಕಿತ್ತು. ಯಂತ್ರ ತಿಂಗಳಿಂದ ನಿಧಾನವಾಗಿತ್ತಂತೆ. ಬಿಸಿ 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಈ ಪ್ರೊಸೆಸರ್ ಜೀವ ಉಳಿಸಿಕೊಳ್ಳಲು ತನ್ನ ವೇಗವನ್ನು ತಾನೇ ಇಳಿಸುತ್ತದೆ. ಕಿಂಡಿ ಮುಚ್ಚಿದವರು ನಾವು. ಕಾರಣ ತಿಳಿಯದ ಅವನು ಇನ್ನಷ್ಟು ಓಡಿಸಲು ಹೋದ. ಉರಿಯುವ ಒಲೆಗೆ ಕಟ್ಟಿಗೆ ಹಾಕಿದಂತಾಯಿತು.

ಕಿಂಡಿ ಸ್ವಚ್ಛಗೊಳಿಸಿ, ಒಣಗಿದ್ದ ಥರ್ಮಲ್ ಪೇಸ್ಟ್ ಬದಲಿಸಿ, ಗುಣಕವನ್ನು ಮೊದಲಿನ ಮಟ್ಟಕ್ಕೆ ತಂದಾಗ ಅವನಿಗೆ ಬೇಕಾಗಿದ್ದ ವೇಗ ತಾನಾಗಿ ಮರಳಿತು. ವೋಲ್ಟೇಜು ಕೊಂಚ ತಗ್ಗಿಸಿ ತಂಪು ಮಾಡುವ ಉಪಾಯವೂ ಇತ್ತು. 2019ರ ಡಿಸೆಂಬರಿನಲ್ಲಿ 'ಪ್ಲಂಡರ್‌ವೋಲ್ಟ್' ಎಂಬ ಭದ್ರತಾ ಲೋಪ ಬಯಲಾದ ಮೇಲೆ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಆ ಬಾಗಿಲು ಮುಚ್ಚಿತು, ನಮ್ಮದರಲ್ಲೂ ಮುಚ್ಚಿದೆ.

ಅವನ ಬಳಿ ತಪ್ಪಾಯಿತೆಂದು ಹೇಳಲು ನಮಗೆ ಇನ್ನೂ ಒಂದು ದಿನ ಹಿಡಿಯಿತು. ಈಗ ಲ್ಯಾಪ್‌ಟಾಪಿನ ಹಿಂಬದಿಗೆ ಎರಡು ಮರದ ತುಂಡು ಇಟ್ಟಿದ್ದೇವೆ, ಧಾರಾವಾಹಿ ಮೊಬೈಲಿಗೆ ಹೋಗಿದೆ. ಮೊನ್ನೆ ಇನ್ನೊಂದು ಮದುವೆಯ ವಿಡಿಯೋ ಹಚ್ಚಿ ಅವನು ಕೇಳಿದ:

"ಒಮ್ಮೆ 41 ಹಾಕಿ ನೋಡಲಾ?"

"ಇದು ಕೊಟ್ಟು ಬಂದ ಮೇಲೆ ನೋಡು" ಎಂದೆವು.